ಮಾದರಿ ರೈಲು: ಹೊಸ ಓಓ ಎಂಜಿನ್ ರನ್ನಿಂಗ್-ಇನ್ (ಮೊದಮೊದಲು ಓಡಿಸಿ ಪಳಗಿಸೋದು) ಹೇಗೆ? ಜೊತೆಗೆ, ಹಳೇ ಮೋಟಾರ್ ಒಂದು ವಿಪರೀತ ಬಿಸಿ

ಹಳಿಯಂಚು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎಂಜಿನ್ ಎರಡು, ಆದ್ರೆ ಪ್ರಶ್ನೆ ಹೆಚ್ಚುಕಮ್ಮಿ ಒಂದೇ ಜಾತಿ. ಅದಕ್ಕೇ ಒಂದೇ ಕಡೆ ಹಾಕ್ತಿದೀನಿ.

ಮೊದಲನೇದು ಹೊಸ 0-6-0 (ಎಳೆಯೋ ಚಕ್ರ ಆರು, ಹಿಂದೆ ಮುಂದೆ ಬೇರೆ ಚಕ್ರ ಇಲ್ಲ) ಟ್ಯಾಂಕ್ ಎಂಜಿನ್. ಓಓ, ಅಂದ್ರೆ 1:76 ಅಳತೆ, ಹಳಿಗಳ ನಡುವೆ 16.5 ಮಿಮೀ. ಡಿಸಿ, ಅಂದ್ರೆ ಹಳಿಗೆ ಕೊಡೋ ವೋಲ್ಟೇಜಿಂದಲೇ ಸ್ಪೀಡು. ಒಳಗೆ ಮೂರು ಪೋಲಿನ (ಸುತ್ತೋ ಭಾಗದಲ್ಲಿ ಮೂರು ಕಾಯಿಲ್) ಕ್ಯಾನ್ ಮೋಟಾರ್ (ಮುಚ್ಚಿದ ಕವಚದ್ದು), ಓಟ ಸಮವಾಗಿಡೋ ಫ್ಲೈವೀಲ್ ಇಲ್ಲ. ಚಕ್ರದ ವ್ಯಾಸ 18 ಮಿಮೀ, ಆರೂ ಚಕ್ರಕ್ಕೆ ಪಿಕಪ್ (ಚಕ್ರದಿಂದ ಮೋಟಾರಿಗೆ ಕರೆಂಟ್ ತರೋ ಲೋಹದ ಎಲೆ) ಇದೆ. ಹಳಿ ಸೆಕೆಂಡ್ ರೇಡಿಯಸ್ (438 ಮಿಮೀ) ಓವಲ್, ಪ್ಲಾಸ್ಟಿಕ್ ಫ್ರಾಗ್ (ಒಂದು ಹಳಿ ಇನ್ನೊಂದನ್ನ ದಾಟೋ ತುಂಡು, ಅಲ್ಲಿ ಕರೆಂಟ್ ಇಲ್ಲ) ಇರೋ ಒಂದು ಪಾಯಿಂಟ್ (ಹಳಿ ಕವಲೊಡೆಯೋ ಜಾಗ). ಜೋರಾಗಿ ಹೋದ್ರೆ ಏನೂ ಗೊತ್ತಾಗಲ್ಲ. ನಿಧಾನಕ್ಕೆ ಬಿಟ್ರೆ ಕುಂಟತ್ತೆ. ಸ್ಕೇಲ್ ಇಟ್ಟು ನೋಡಿದೆ, 5.5ರಿಂದ 6 ಸೆಂಮೀಗೊಂದು ಸಲ ತಡವರಿಸತ್ತೆ. ಪಾಯಿಂಟ್ ಮೇಲೆ ಹತ್ತರಲ್ಲಿ ನಾಲ್ಕು ಸಲ ನಿಂತೇಬಿಡತ್ತೆ. ಮಾರಿದವರನ್ನ ಕೇಳಿದ್ರೆ "ಓಡಿಸ್ತಾ ಓಡಿಸ್ತಾ ಸರಿಹೋಗತ್ತೆ" ಅಂತಾರೆ. ಎಷ್ಟು ಹೊತ್ತು, ಯಾವ ಸ್ಪೀಡಲ್ಲಿ ಓಡಿಸ್ಬೇಕು? ಗೇರಿಗೆ ಟೂತ್‌ಪೇಸ್ಟ್ ಹಚ್ಚಿ ಓಡಿಸಿದ್ರೆ ಬೇಗ ನುಣುಪಾಗತ್ತೆ ಅಂತ ಒಂದು ವೀಡಿಯೊದಲ್ಲಿ ನೋಡಿದೆ, ನಿಜವಾ? ಮನೇಲಿ ಹೊಲಿಗೆ ಮಷಿನ್ ಎಣ್ಣೆ ಇದೆ, ಆಗತ್ತಾ? ಮುಂದೆ ಡಿಸಿಸಿ ಡಿಕೋಡರ್ (ಹಳಿಯಲ್ಲಿ ಬರೋ ಡಿಜಿಟಲ್ ಆಜ್ಞೆ ಓದಿ ಮೋಟಾರ್ ನಡೆಸೋ ಚಿಪ್) ಹಾಕೋ ಯೋಚನೆ ಇದೆ.

ಎರಡನೇದು ಅರವತ್ತರ ದಶಕದ ಬ್ರಿಟಿಷ್ ಎಂಜಿನ್, ಅದೂ 0-6-0. ಮೋಟಾರಿಗೆ ಮುಚ್ಚಳ ಇಲ್ಲ, ಒಂದು ತುದೀಲಿ ದಪ್ಪ ಮ್ಯಾಗ್ನೆಟ್, ಬ್ರಷ್ ಒತ್ತೋಕೆ ಹೇರ್‌ಪಿನ್ ಥರದ ಒಂದು ಸ್ಪ್ರಿಂಗ್. ಐದು ನಿಮಿಷಕ್ಕೆ ಮುಟ್ಟೋಕಾಗಲ್ಲ. ಡಬ್ಬಿ ಇಲ್ಲದೆ ಬರೀ ಎಂಜಿನ್ ಓಡುವಾಗ 0.75 ಆಂಪ್ ತೋರಿಸ್ತಿದೆ.

---

ಮೀಟರ್‌ಗೇಜ್

"ಓಡಿಸ್ತಾ ಸರಿಹೋಗುತ್ತೆ" ಅನ್ನೋದು ಕಾಲು ಭಾಗ ನಿಜ. ರನ್ನಿಂಗ್-ಇನ್‌ನಲ್ಲಿ ನಡೆಯುವುದು ಇಷ್ಟೇ: ಕಾರ್ಬನ್ ಬ್ರಷ್‌ನ ತುದಿ ಕಮ್ಯುಟೇಟರಿನ (ಶಾಫ್ಟಿನ ಜೊತೆ ಸುತ್ತುತ್ತಾ ಬ್ರಷ್ಷಿನಿಂದ ಕರೆಂಟ್ ಪಡೆಯುವ ತಾಮ್ರದ ಭಾಗ) ದುಂಡಿಗೆ ತಕ್ಕಂತೆ ಸವೆದು ಕೂರುತ್ತೆ, ಗ್ರೀಸ್ ಎಲ್ಲ ಹಲ್ಲಿಗೂ ಹರಡುತ್ತೆ, ಹಲ್ಲಿನ ಮೇಲಿನ ಚೂರುಪಾರು ಒರಟು ಹೋಗುತ್ತೆ. ಬಾಗಿದ ರಾಡ್ (ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲಿಂಗ್ ರಾಡ್), ತಪ್ಪಿದ ಕ್ವಾರ್ಟರಿಂಗ್ (ಎಡ ಬಲ ಕ್ರ್ಯಾಂಕ್ ನಡುವಿನ ಕೋನ), ಚಕ್ರವನ್ನು ಮುಟ್ಟದ ಪಿಕಪ್ ಇದ್ದರೆ ನೂರು ಗಂಟೆ ಓಡಿಸಿದರೂ ಅವು ಹಾಗೇ ಇರುತ್ತವೆ. ಇನ್ನೂ ಕೆಟ್ಟದ್ದೆಂದರೆ, ಬಿಗಿಯಾದ ಜಾಗದ ಸುತ್ತ ಉಳಿದದ್ದೆಲ್ಲ ಸವೆಯುತ್ತೆ. ಹಾಗಾಗಿ ಮೊದಲು ತಪ್ಪು ಹುಡುಕಿ, ಆಮೇಲೆ ಓಡಿಸಿ.

ನೀವು ಸ್ಕೇಲ್ ಇಟ್ಟು ಅಳೆದದ್ದು ಬಹಳ ಒಳ್ಳೆಯದಾಯಿತು. 18 ಮಿಮೀ ಚಕ್ರದ ಸುತ್ತಳತೆ 56.5 ಮಿಮೀ. ನಿಮ್ಮ ತಡೆಯ ಅಂತರವೂ ಅಷ್ಟೇ. ಅಂದರೆ ಚಕ್ರದ ಒಂದು ಸುತ್ತಿಗೆ ಒಂದು ತಡೆ. ಮೋಟಾರಿನದೋ ವರ್ಮಿನದೋ (ಮೋಟಾರ್ ಶಾಫ್ಟಿನ ಮೇಲಿನ ಸ್ಕ್ರೂ ಥರದ ಗೇರು) ಆಗಿದ್ದರೆ, ಗೇರು 30:1 ಅಂತ ಇಟ್ಟುಕೊಳ್ಳಿ, 2 ಮಿಮೀಗೊಂದು ಸಲ ಬರಬೇಕಿತ್ತು. ಅದು ಕುಂಟಿದಂತೆ ಕಾಣಲ್ಲ, ನಡುಗಿದಂತೆ ಕಾಣುತ್ತೆ. ಹಳಿಯ ತಪ್ಪಾದರೆ ಪ್ರತಿ ಸಲವೂ ಅದೇ ಜಾಗದಲ್ಲಿ ಬರುತ್ತೆ. ಹಾಗಾಗಿ ನಿಮ್ಮಲ್ಲಿ ಅನುಮಾನ ಎರಡರ ಮೇಲೆ: ಕಪ್ಲಿಂಗ್ ರಾಡ್, ಇಲ್ಲವೇ ಆಕ್ಸಲ್ ಮೇಲಿನ ಗೇರು.

ಯಾವುದು ಅಂತ ತಿಳಿಯೋದು ಕಷ್ಟವಲ್ಲ. ಎಂಜಿನ್ನನ್ನು ಸ್ಪಂಜಿನ ಮೇಲೆ ಮಗುಚಿ ಮಲಗಿಸಿ. ಒಂದು ಚಕ್ರದ ಅಂಚಿಗೆ ಮಾರ್ಕರ್‌ನಿಂದ ಚುಕ್ಕೆ ಇಡಿ. ಕಂಟ್ರೋಲರಿನಿಂದ ಎರಡು ವೈರ್ ತಂದು ಎರಡು ಬದಿಯ ಚಕ್ರಕ್ಕೆ ಮುಟ್ಟಿಸಿ, ಇನ್ನೇನು ನಿಂತೀತು ಅನ್ನುವಷ್ಟು ಕಡಿಮೆ ವೋಲ್ಟೇಜ್ ಕೊಡಿ. ತಡೆಯುವಾಗ ಚುಕ್ಕೆ ಎಲ್ಲಿರುತ್ತೆ ಅಂತ ನೋಡಿಕೊಳ್ಳಿ. ಈಗ ಕ್ರ್ಯಾಂಕ್‌ಪಿನ್ (ರಾಡನ್ನು ಚಕ್ರಕ್ಕೆ ಹಿಡಿದಿಡುವ ಪಿನ್) ಬಿಚ್ಚಿ ಎರಡೂ ಬದಿಯ ರಾಡ್ ತೆಗೆದು ಮತ್ತೆ ಓಡಿಸಿ. ತಡೆ ಮಾಯವಾದರೆ ರಾಡಿನದು, ಉಳಿದರೆ ಗೇರಿನದು. ಬಿಚ್ಚುವ ಮುಂಚೆ ವಾರಂಟಿ ಕಾಗದ ಓದಿಕೊಳ್ಳಿ. ಕೆಲವರು ಅಡಿಯ ಪ್ಲೇಟ್ ತೆಗೆದರೂ ಒಪ್ಪುವುದಿಲ್ಲ.

ಗೇರಿನದಾದರೆ ಅಡಿಯ ಪ್ಲೇಟ್ ಬಿಚ್ಚಿ, ಭೂತಗನ್ನಡಿ ಹಿಡಿದು ಹಲ್ಲುಹಲ್ಲೂ ನೋಡಿ. ಹೊಸ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಸಿಗುವುದು ಅಚ್ಚಿನಲ್ಲಿ ಉಳಿದ ಪ್ಲಾಸ್ಟಿಕ್ ಎಳೆ, ಇಲ್ಲವೇ ಪ್ಯಾಕಿಂಗಿನ ನಾರು. ಚೂಪಾದ ಬ್ಲೇಡಿನ ತುದಿಯಿಂದ ಎಳೆ ಮಾತ್ರ ತೆಗೆಯಿರಿ, ಹಲ್ಲಿನ ಮೈ ಮುಟ್ಟಬೇಡಿ. ಹಲ್ಲುಗಳ ಸಂದಿಯಲ್ಲಿ ಒಂದು ಕಡೆ ಮಾತ್ರ ಸ್ವಲ್ಪ ಅಗಲವಾದ ಬಿರುಕು ಕಂಡರೆ ಗೇರು ಒಡೆದಿದೆ ಅಂತ ಅರ್ಥ. ಅಂಟು ಹಾಕಿ ಪ್ರಯೋಜನವಿಲ್ಲ, ಗೇರೇ ಬದಲಿಸಬೇಕು.

ರಾಡಿನದಾದರೆ, ರಾಡಿನ ಹಿಂಬದಿಯನ್ನು ಗಾಜಿನ ಮೇಲಿಟ್ಟ 1000 ನಂಬರ್ ವಾಟರ್ ಪೇಪರಿನ ಮೇಲೆ ನಾಲ್ಕೈದು ಸಲ ಎಳೆಯಿರಿ, ಒತ್ತಿದ ಅಂಚು ಹೋಗುತ್ತೆ. ಮತ್ತೆ ಜೋಡಿಸಿ, ಚಕ್ರವನ್ನು ಕಾಲು ಕಾಲು ಸುತ್ತು ತಿರುಗಿಸಿ. ನಾಲ್ಕೂ ಜಾಗದಲ್ಲಿ ರಾಡನ್ನು ಉಗುರಿನಿಂದ ಅಲ್ಲಾಡಿಸಿದರೆ ಸ್ವಲ್ಪ ಅಲುಗಬೇಕು. ಒಂದು ಜಾಗದಲ್ಲಿ ಸೆಟೆದುಕೊಂಡಿದ್ದರೆ ಅಲ್ಲಿಯ ತೂತು ಚಿಕ್ಕದು. ಮೊನೆಗೆ ಹೋಗುತ್ತಾ ಸಪೂರವಾಗುವ ಬ್ರೋಚ್ (ತೂತು ಹಿಗ್ಗಿಸುವ ಸಲಕರಣೆ) ಹಾಕಿ ಎರಡೂ ಬದಿಯಿಂದ ಅರ್ಧರ್ಧ ಸುತ್ತು, ಅಷ್ಟೇ. 0.1 ಮಿಮೀಗಿಂತ ಹೆಚ್ಚು ಹಿಗ್ಗಿಸುವ ಪರಿಸ್ಥಿತಿ ಬಂದರೆ ತಪ್ಪು ತೂತಿನದಲ್ಲ, ಕ್ವಾರ್ಟರಿಂಗಿನದು. ಎಡಗಡೆ ಕ್ರ್ಯಾಂಕ್ ಕೆಳಗಿದ್ದಾಗ ಬಲಗಡೆಯದು ಸರಿಯಾಗಿ 90 ಡಿಗ್ರಿ ಅಡ್ಡಕ್ಕಿರಬೇಕು, ಮೂರೂ ಆಕ್ಸಲ್‌ನಲ್ಲಿ ಒಂದೇ ಸಮ. ಹೊಸ ಎಂಜಿನ್ನಿನಲ್ಲಿ ಅದು ತಪ್ಪಿದ್ದರೆ ಕೈಯಲ್ಲಿ ತಿರುಚಲು ಹೋಗದೆ ವಾಪಸ್ ಕೊಡಿ.

ಪಾಯಿಂಟ್ ವಿಷಯ. ಮಲ್ಟಿಮೀಟರನ್ನು ಬೀಪಿಗೆ ಇಟ್ಟು, ಒಂದು ಕಡ್ಡಿ ಮೋಟಾರಿನ ಟ್ಯಾಗಿಗೆ, ಇನ್ನೊಂದು ಆ ಬದಿಯ ಪ್ರತಿ ಚಕ್ರದ ಅಂಚಿಗೆ. ಆಕ್ಸಲ್ಲನ್ನು ಎಡಕ್ಕೆ ತಳ್ಳಿ ಒಮ್ಮೆ, ಬಲಕ್ಕೆ ತಳ್ಳಿ ಒಮ್ಮೆ ನೋಡಿ. ಪೆಟ್ಟಿಗೆಯ ಮೇಲೆ "ಆರು ಚಕ್ರದ ಪಿಕಪ್" ಅಂತಿದ್ದರೂ ನಿಜವಾಗಿ ಮುಟ್ಟುತ್ತಿರುವುದು ನಾಲ್ಕೇ ಇರಬಹುದು. ಮುಟ್ಟದ ಎಲೆಯನ್ನು ಬುಡದಲ್ಲಿ ಬಗ್ಗಿಸಿ, ತುದಿಯಲ್ಲಲ್ಲ. ಚಕ್ರ ಮತ್ತು ಎಲೆಯ ನಡುವೆ ಬಿಲ್ ಕಾಗದದ ಪಟ್ಟಿ ತೂರಿಸಿದರೆ ಅದು ಜಾರಿ ಬೀಳಬಾರದು, ಎಳೆದರೆ ಹರಿಯದೆ ಬರಬೇಕು. ಬಿಗಿ ಹೆಚ್ಚಾದರೆ ಪಿಕಪ್ಪೇ ಬ್ರೇಕ್ ಆಗುತ್ತೆ. ಚಕ್ರಗಳ ಒಳಮೈಯಿಂದ ಒಳಮೈಗೆ ಕ್ಯಾಲಿಪರ್ ಹಿಡಿದು ಅಳೆಯಿರಿ, ಓಓಗೆ 14.5 ಮಿಮೀ ಇರಬೇಕು. ಕಡಿಮೆ ಇದ್ದರೆ ಚಕ್ರ ಫ್ರಾಗಿನಲ್ಲಿ ಎಗರುತ್ತೆ, ಎಗರಿದ ಕ್ಷಣ ಕರೆಂಟ್ ಹೋಗುತ್ತೆ.

ಟೂತ್‌ಪೇಸ್ಟ್ ಬೇಡವೇ ಬೇಡ. ಪ್ಲಾಸ್ಟಿಕ್ ಗೇರು ಮೆತ್ತಗೆ, ಲೋಹದ ವರ್ಮ್ ಗಟ್ಟಿ. ಪೇಸ್ಟಿನಲ್ಲಿರುವ ಪುಡಿ ಮೆತ್ತಗಿರುವುದರಲ್ಲಿ ಹೂತುಕೊಂಡು ಗಟ್ಟಿಯದನ್ನು ಅರೆಯುತ್ತೆ. ತೊಳೆದರೂ ಪೂರ್ತಿ ಹೋಗಲ್ಲ. ಗೇರು ಉಳಿಯುತ್ತೆ, ವರ್ಮ್ ಸವೆಯುತ್ತೆ.

---

ಸಿಂಗಲ್ ಲೈನ್

ಮೇಲಿನವ್ರು ಹೇಳಿದ ಕೆಲಸ ಮುಗಿಸ್ಕೊಂಡ ಮೇಲೆ ಓಡಿಸೋ ಲೆಕ್ಕ ಇದು.

ಸ್ಪೀಡನ್ನ ಕಣ್ಣಂದಾಜಲ್ಲಿ ಇಡ್ಬೇಡಿ. ಕಣ್ಣಿಗೆ ಎಲ್ಲ ಆಟದ ರೈಲೂ ನಿಧಾನ ಅನ್ಸತ್ತೆ, ನಿಜವಾಗಿ 150ರಲ್ಲಿ ಹೋಗ್ತಿರತ್ತೆ. ಓವಲ್ ಒಟ್ಟು ಎಷ್ಟು ಮೀಟರ್ ಅಂತ ಅಳೀರಿ, 274ರಿಂದ ಗುಣಿಸಿ, ಒಂದು ಸುತ್ತಿಗೆ ಹಿಡಿಯೋ ಸೆಕೆಂಡಿಂದ ಭಾಗಿಸಿ. ಬರೋದು ಓಓ ಲೆಕ್ಕದ ಕಿಮೀ ವೇಗ. ಸೆಕೆಂಡ್ ರೇಡಿಯಸ್ ಬರೀ ವೃತ್ತ ಆದ್ರೆ ಸುತ್ತಳತೆ 2.75 ಮೀಟರ್, 15 ಸೆಕೆಂಡಿಗೊಂದು ಸುತ್ತು ಅಂದ್ರೆ 50 ಕಿಮೀ. ರನ್ನಿಂಗ್-ಇನ್‌ಗೆ ಅದೇ ಸ್ಪೀಡು ಸಾಕು. ತೀರಾ ನಿಧಾನಕ್ಕೆ ಬಿಟ್ರೆ ಬ್ರಷ್ ಕೂರಲ್ಲ, ಫುಲ್ ಕೊಟ್ರೆ ಇನ್ನೂ ಸರಿಯಾಗಿ ಕೂರದ ಬ್ರಷ್ ಕಿಡಿ ಹಾರಿಸಿ ಕಮ್ಯುಟೇಟರ್ ಸುಡತ್ತೆ.

ಡಬ್ಬಿ ಇಲ್ದೆ, ಬರೀ ಎಂಜಿನ್. ಮೀಟರನ್ನ ಸೀರೀಸಲ್ಲಿ ಹಾಕಿ ಮೊದಲು ಆಂಪ್ ಬರ್ಕೊಳ್ಳಿ. ಐದು ನಿಮಿಷ ಮುಂದಕ್ಕೆ, ನಿಲ್ಲಿಸಿ ಮೋಟಾರ್ ಮುಟ್ಟಿ ನೋಡಿ. ಬೆಚ್ಚಗಿದ್ರೆ ಸರಿ, ಹತ್ತು ಸೆಕೆಂಡ್ ಬೆರಳಿಡೋಕಾಗದಿದ್ರೆ ಎಲ್ಲೋ ಹಿಡೀತಿದೆ, ಮುಂದುವರಿಸ್ಬೇಡಿ. ಸರಿ ಇದ್ರೆ ಮುಂದಕ್ಕೆ 30 ನಿಮಿಷ, ಹತ್ತು ನಿಮಿಷ ಬಿಡುವು, ಹಿಂದಕ್ಕೆ 30 ನಿಮಿಷ. ಆಮೇಲೆ ಎಂಜಿನ್ನನ್ನ ಎತ್ತಿ ಮೂತಿ ಆ ಕಡೆ ತಿರುಗಿಸಿ ಇಟ್ಟು ಇನ್ನೊಂದು ಆವರ್ತಿ. ಈ ತಿರುಗಿಸೋದನ್ನ ಎಲ್ಲರೂ ಮರೀತಾರೆ. ಓವಲಲ್ಲಿ ಹಿಂದೆ ಮುಂದೆ ಎರಡೂ ಓಡಿಸಿದ್ರೂ ಹೊರಗಡೆ ಇರೋ ಚಕ್ರ ಹೊರಗಡೆನೇ ಇರತ್ತೆ, ಒಂದೇ ಬದಿಯ ಫ್ಲೇಂಜ್ (ಚಕ್ರದ ಎದ್ದ ಒಳ ಅಂಚು) ಉಜ್ತಾ ಇರತ್ತೆ. ಒಟ್ಟು ಎರಡು ಗಂಟೆ ಓಟ ಆಯ್ತು. ಕೊನೇಲಿ ಹತ್ತು ನಿಮಿಷ ಸ್ಪೀಡು ಏರಿಸ್ತಾ ಇಳಿಸ್ತಾ, ಇನ್ನು ಕಾಲು ಗಂಟೆ ಮೂರು ನಾಲ್ಕು ಡಬ್ಬಿ ಕಟ್ಟಿ. (ಡಬ್ಬಿ ಅಂತಾನೇ ಬರೀತೀನಿ. ಬೋಗಿ ಅಂದ್ರೆ ನಮ್ಮೂರಲ್ಲಿ ಪೂರ್ತಿ ಗಾಡಿ, ಈ ಹವ್ಯಾಸದಲ್ಲಿ ಬರೀ ಅಡಿಯ ಚಕ್ರದ ಚೌಕಟ್ಟು. ಹೊಸಬರು ಬಿಡಿಭಾಗ ತರಿಸುವಾಗ ಮೋಸ ಹೋಗೋದು ಇಲ್ಲೇ.)

ಎಂಜಿನ್ನನ್ನ ಮಗುಚಿ ಮಲಗಿಸಿಯೇ ಗಂಟೆಗಟ್ಲೆ ಓಡಿಸ್ಬೇಡಿ. ಮೇಲಿನವ್ರು ಹೇಳಿದ ಪರೀಕ್ಷೆಗೆ ಒಂದು ನಿಮಿಷ ಸಾಕು. ಜಾಸ್ತಿ ಹೊತ್ತಾದ್ರೆ ಎಣ್ಣೆ ಇಳಿದು ಕಮ್ಯುಟೇಟರಿಗೆ ಬರತ್ತೆ. ರೋಲಿಂಗ್ ರೋಡ್ (ಎಂಜಿನ್ ನಿಂತಲ್ಲೇ ಓಡೋ ಉರುಳೆ ಸ್ಟ್ಯಾಂಡ್) ಇದ್ರೆ ಪರವಾಗಿಲ್ಲ, ಆದ್ರೆ ರಬ್ಬರ್ ಟಯರ್ ಇರೋ ಚಕ್ರ ಅದರ ಮೇಲೆ ಬೇಗ ಸವೆಯತ್ತೆ.

ಎಣ್ಣೆ. ಹೊಲಿಗೆ ಮಷಿನ್ ಎಣ್ಣೆ ಮೋಟಾರಿನ ಲೋಹದ ಬೇರಿಂಗಿಗೆ, ಆಕ್ಸಲಿಗೆ ಆಗತ್ತೆ. ಪ್ಲಾಸ್ಟಿಕ್ ತಾಗೋ ಕಡೆ ಪ್ಲಾಸ್ಟಿಕ್‌ಗೆ ಒಗ್ಗೋ ಸಿಂಥೆಟಿಕ್ ಎಣ್ಣೆನೇ ಬೇಕು. ಲಾಬೆಲ್ ಕಂಪನಿಯ 108 ಮೋಟಾರಿಗೆ, 102 ಗೇರಿಗೆ, 106 ಗ್ರೀಸ್. ಮೆಡಿಕಲ್ ಶಾಪಿನ ಇನ್ಸುಲಿನ್ ಸಿರಿಂಜಲ್ಲಿ ತುಂಬ್ಕೊಳ್ಳಿ, ಸೂಜಿ ಮೊನೇಲಿ ಹನಿ ನಿಂತಾಗ ಬೀಳಿಸ್ದೆ ಹಾಗೇ ತಾಗಿಸಿ. ಅಷ್ಟೇ ಪ್ರಮಾಣ. ಮೋಟಾರಿನ ಎರಡು ತುದಿ, ಆಕ್ಸಲಿನ ಆರು ತುದಿ, ಕ್ರ್ಯಾಂಕ್‌ಪಿನ್ ಆರು. ವರ್ಮಿಗೆ ಸಾಸಿವೆ ಕಾಳಿನಷ್ಟು ಗ್ರೀಸ್. ಕಮ್ಯುಟೇಟರಿಗೆ ಏನೂ ಇಲ್ಲ. ಡಬ್ಲ್ಯೂಡಿ-40 ಬೇಡ, ಅದು ಹರಡಿ ಬ್ರಷ್‌ವರೆಗೂ ಹೋಗತ್ತೆ. ಕೊಬ್ಬರಿ ಎಣ್ಣೆ ಅಂತೂ ಕೇಳಲೇಬೇಡಿ, 24 ಡಿಗ್ರಿ ಕೆಳಗೆ ಗಟ್ಟಿಯಾಗತ್ತೆ. ಬೆಂಗಳೂರಿನ ಡಿಸೆಂಬರ್ ಬೆಳಿಗ್ಗೆ ಎಂಜಿನ್ನೂ ಎಣ್ಣೆ ಬಾಟ್ಲಿ ಥರಾನೇ ಹೆಪ್ಪುಗಟ್ಟಿರತ್ತೆ.

ಎಲ್ಲ ಮುಗಿದ ಮೇಲೆ ಚಕ್ರ ಒರೆಸಿ. ಹಳಿ ಮೇಲೆ ಅಡ್ಡಕ್ಕೆ ಟಿಶ್ಯೂ ಹಾಸಿ, ಐಸೊಪ್ರೊಪೈಲ್ ಆಲ್ಕೊಹಾಲ್ ನಾಲ್ಕು ಹನಿ ಹಾಕಿ, ಒಂದು ಆಕ್ಸಲ್ ಟಿಶ್ಯೂ ಮೇಲೆ, ಉಳಿದವು ಹಳಿ ಮೇಲೆ ಇರೋ ಹಾಗೆ ಹಿಡ್ಕೊಂಡು ಕರೆಂಟ್ ಕೊಡಿ. ಮೊದಲನೇ ಸಲ ಕಪ್ಪು ಗೆರೆ ನೋಡಿ ಗಾಬರಿ ಆಗ್ಬೇಡಿ. 99 ಪರ್ಸೆಂಟಿಂದು ಬೆಂಗಳೂರಿನ ಎಸ್‌ಪಿ ರೋಡಲ್ಲಿ ಮೊಬೈಲ್ ರಿಪೇರಿ ಸಾಮಾನು ಮಾರೋ ಕಡೆ ಸಿಗತ್ತೆ. ಸ್ಯಾನಿಟೈಸರ್ ಬಳಸ್ಬೇಡಿ, ಅದರಲ್ಲಿ ಗ್ಲಿಸರಿನ್ ಇರತ್ತೆ, ಹಳಿಗೆ ಅಂಟು ಪದರ ಕೂರತ್ತೆ.

ಇನ್ನೊಂದು. ಕಂಟ್ರೋಲರ್ ಅಮೆರಿಕಾದಿಂದ ಬಂದಿದ್ರೆ ಟ್ರಾನ್ಸ್‌ಫಾರ್ಮರ್ ಮೇಲೆ 120 ವೋಲ್ಟ್ ಅಂತ ಬರೆದಿರತ್ತೆ, ನಮ್ಮ 230ಕ್ಕೆ ಹಾಕಿದ್ರೆ ಹೊಗೆನೇ. ಇಂಗ್ಲೆಂಡಿಂದು ಪಿನ್ ಬದಲಿಸಿದ್ರೆ ನಡೆಯತ್ತೆ.

---

ಕರಾವಳಿ ಕೇಬಿನ್

ಹಳೇ ಎಂಜಿನ್ನಿನ ಬಗ್ಗೆ. ನೀವು ಹೇಳಿದ ಗುರುತು ನೋಡಿದ್ರೆ ಅದು ಬ್ರಿಟಿಷ್ ಕಂಪನಿ ಟ್ರಯಾಂಗ್‌ನವರ ಎಕ್ಸ್‌04 ಮೋಟಾರ್. ಬಿಸಾಡ್ಬೇಡಿ ಮಾರಾಯ್ರೇ, ಪೂರ್ತಿ ಬಿಚ್ಚಿ ಜೋಡಿಸ್ಲಿಕ್ಕೆ ಆಗುವ ಮೋಟಾರ್ ಅದು. ಈಗಿನ ಕ್ಯಾನ್ ಮೋಟಾರ್ ಹಾಗಲ್ಲ, ಹೋದ್ರೆ ಹೋಯ್ತು.

0.75 ಜಾಸ್ತಿಯೇ ಆಯ್ತು. ಆರೋಗ್ಯವಾಗಿದ್ರೆ ಖಾಲಿ ಓಟಕ್ಕೆ ಸುಮಾರು ಅದರ ಅರ್ಧ ಸಾಕು. ಕರೆಂಟ್ ಅರ್ಧ ಆದ್ರೆ ಕಾಯಿಲಿನಲ್ಲಿ ಹುಟ್ಟುವ ಬಿಸಿ ಕಾಲು ಭಾಗಕ್ಕೆ ಇಳೀತದೆ, ಹಾಗಾಗಿ ಸ್ವಲ್ಪ ಇಳಿಸಿದ್ರೂ ಲಾಭ ಉಂಟು. ಕಾರಣ ನಾಲ್ಕು ಇರಬಹುದು, ಸುಲಭದ್ದರಿಂದ ಶುರು ಮಾಡಿ.

ಒಂದು, ಒಣಗಿದ ಗ್ರೀಸ್. ಮೋಟಾರನ್ನು ಚಾಸಿಯಿಂದ ಬಿಚ್ಚಿ, ಚಾಸಿಯನ್ನು ಗಾಜಿನ ಮೇಲೆ ದೂಡಿ. ಬೆರಳಿನಲ್ಲಿ ಮುಟ್ಟಿದ್ರೆ ಹೋಗ್ಬೇಕು. ಹೋಗದಿದ್ರೆ ಆಕ್ಸಲ್ ಮತ್ತು ಗೇರನ್ನು ವೈಟ್ ಸ್ಪಿರಿಟ್ ಹಾಕಿ ಹಳೇ ಟೂತ್‌ಬ್ರಷ್ಷಿನಲ್ಲಿ ತಿಕ್ಕಿ. ಅರಶಿನ ಮೇಣದ ಹಾಗೆ ಬರ್ತದಲ್ಲ, ಅದೇ ಮೊದಲಿನ ಗ್ರೀಸ್.

ಎರಡು, ಬೇರಿಂಗ್. ಶಾಫ್ಟಿನ ಎರಡೂ ತುದಿಯಲ್ಲಿ ಉಣ್ಣೆಯ ಸಣ್ಣ ಪ್ಯಾಡ್ ಉಂಟು, ಎಣ್ಣೆ ಹಿಡಿದಿಡ್ಲಿಕ್ಕೆ. ಅದು ಒಣಗಿ ಹಪ್ಪಳ ಆಗಿರ್ತದೆ. ಒಂದೊಂದಕ್ಕೆ ಒಂದು ಹನಿ.

ಮೂರು, ಕಮ್ಯುಟೇಟರ್. ಮೂರು ತಾಮ್ರದ ತುಂಡಿನ ನಡುವೆ ಮೂರು ಸಂದಿ. ಅದರಲ್ಲಿ ಕಾರ್ಬನ್ ಪುಡಿ ಮತ್ತು ಎಣ್ಣೆ ಸೇರಿ ಕಪ್ಪು ಮಣ್ಣು ಆಗಿರ್ತದೆ, ಕರೆಂಟ್ ಅದರ ಮೂಲಕ ಅಡ್ಡದಾರಿ ಹಿಡೀತದೆ. ಚೂಪು ಮಾಡಿದ ಕಡ್ಡಿಯಲ್ಲಿ ಸಂದಿ ಕೆರೆಯಿರಿ, ಸೂಜಿ ಬೇಡ. ತಾಮ್ರವನ್ನು ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಲ್ಲಿ ಒರೆಸಿ. ಗಾಜುನಾರಿನ ಪೆನ್ ಹಾಕ್ಬೇಡಿ, ಅದರ ನಾರು ಬೇರಿಂಗಿಗೆ ಹೋಗ್ತದೆ, ಬೆರಳಿಗೂ ಚುಚ್ತದೆ. ಬ್ರಷ್ ತೆಗೆದಾಗ ಸ್ಪ್ರಿಂಗ್ ನೋಡಿ. ಎರಡು ಕೈಯಲ್ಲಿ ಒಂದಕ್ಕೆ ಇನ್ಸುಲೇಶನ್ ತೋಳು ಇರ್ಲೇಬೇಕು. ಈ ಎಂಜಿನ್ನಿನಲ್ಲಿ ಒಂದು ಹಳಿಯ ಕರೆಂಟ್ ಚಾಸಿಯ ಮೂಲಕವೇ ಬರ್ತದೆ, ತೋಳು ಹರಿದ್ರೆ ನೇರ ಶಾರ್ಟ್.

ಬ್ರಷ್ ಹೊರಗಿರುವಾಗಲೇ ಮೀಟರಿನಲ್ಲಿ ಮೂರು ತುಂಡಿನ ಜೋಡಿ ಜೋಡಿ ಓಮ್ ಅಳೆಯಿರಿ: 1-2, 2-3, 3-1. ಮೂರೂ ಹತ್ತಿರ ಹತ್ತಿರ ಒಂದೇ ಬರ್ಬೇಕು. ಒಂದು ಬೇರೆ ಬಂದ್ರೆ ಕಾಯಿಲ್ ಒಳಗೆ ಸುಟ್ಟಿದೆ. ತುಂಡಿನಿಂದ ಶಾಫ್ಟಿಗೆ ಏನೂ ತೋರಿಸ್ಬಾರದು.

ನಾಲ್ಕು, ಮ್ಯಾಗ್ನೆಟ್ ಸೋತಿರುವುದು. ಇದನ್ನು ಕೊನೆಗೆ ಇಟ್ಟದ್ದು ಬೇಕಂತಲೇ. ಆಲ್ನಿಕೊ ಮ್ಯಾಗ್ನೆಟ್ಟನ್ನು ಅದರ ಕಬ್ಬಿಣದಿಂದ ಹೊರಗೆ ತೆಗೆದ್ರೆ, ನಡುವಿನ ಆರ್ಮೇಚರ್ (ಕಾಯಿಲ್ ಇರುವ, ಸುತ್ತುವ ಭಾಗ) ತೆಗೆದ್ರೂ ಕೂಡ, ಶಕ್ತಿ ಕಳ್ಕೊಳ್ತದೆ. ಸುಮ್ಮನೆ ನೋಡ್ಲಿಕ್ಕೆ ಅಂತ ಬಿಚ್ಚಿದವರಿಂದಲೇ ಅರ್ಧ ಎಕ್ಸ್‌04 ಹಾಳಾದದ್ದು. ಮೊದಲ ಮೂರು ಮಾಡಿ ಆಂಪ್ ಹೇಳಿ.

ಚಕ್ರ ಒರೆಸುವ ವಿಷಯದಲ್ಲಿ ಸಿಂಗಲ್ ಲೈನ್ ಅವರ ಮಾತಿಗೆ ಒಂದು ತಿದ್ದುಪಡಿ. ಆಲ್ಕೊಹಾಲಿನಲ್ಲಿ ಕೊಳೆ ಹೋಗ್ತದೆ ಸರಿ, ಆದ್ರೆ ಮಂಗಳೂರು ಉಡುಪಿ ಕಡೆಯ ಮಳೆಗಾಲದಲ್ಲಿ ಎರಡು ದಿನಕ್ಕೆ ಮತ್ತೆ ಕಪ್ಪು. ಕೊನೆಗೆ ಒಮ್ಮೆ ವೈಟ್ ಸ್ಪಿರಿಟ್ಟಿನಲ್ಲಿ ಒರೆಸಿ ಒಣಗಿಸಿದ್ರೆ ಹೆಚ್ಚು ದಿನ ನಿಲ್ತದೆ. ರಬ್ಬರ್ ಟಯರಿಗೆ ಮಾತ್ರ ತಾಗಿಸ್ಬೇಡಿ. ಹಳೇ ಉಕ್ಕಿನ ಹಳಿ ಇದ್ರೆ ನಮ್ಮ ಕಡೆ ಉಪಯೋಗವಿಲ್ಲ, ಒಂದೇ ಮಳೆಗಾಲಕ್ಕೆ ತುಕ್ಕು. ನಿಕಲ್ ಸಿಲ್ವರ್ ಹಳಿಯೇ ಬೇಕು.

---

ಸಿವಿ29

ಡಿಸಿಸಿ ಹಾಕುವವರಿಗೆ ಕ್ರಮ ಹೀಗೆ. ರನ್ನಿಂಗ್-ಇನ್ ಪೂರ್ತಿ ಡಿಸಿಯಲ್ಲಿ, ಬ್ಲಾಂಕಿಂಗ್ ಪ್ಲಗ್ (ಡಿಕೋಡರ್ ಇಲ್ಲದಾಗ ಅದರ ಜಾಗದಲ್ಲಿ ಕೂರುವ ಪ್ಲಗ್) ಹಾಕಿಯೇ ಮುಗಿಸಿ. ಡಿಕೋಡರ್ ಸೇರಿದ ಮೇಲೆ ಅದರ ಬ್ಯಾಕ್ ಇಎಂಎಫ್ (ಸುತ್ತುವ ಮೋಟಾರ್ ತಾನೇ ಹುಟ್ಟಿಸುವ ವೋಲ್ಟೇಜ್) ನೋಡಿ ಸ್ಪೀಡ್ ಸರಿಪಡಿಸುವ ಕಂಟ್ರೋಲ್ ಕುಂಟನ್ನು ಮುಚ್ಚಿಹಾಕುತ್ತೆ, ತಪ್ಪು ಒಳಗೇ ಉಳಿಯುತ್ತೆ. ಡಿಕೋಡರ್ ಇಲ್ಲದ ಎಂಜಿನ್ನನ್ನು ಡಿಸಿಸಿ ಹಳಿ ಮೇಲೆ ವಿಳಾಸ 0ರಲ್ಲಿ ಓಡಿಸುವ ಸೌಲಭ್ಯ ಕೆಲವು ಕಂಟ್ರೋಲರಿನಲ್ಲಿದೆ. ಮುಟ್ಟಬೇಡಿ. ನಿಂತಿದ್ದರೂ ಮೋಟಾರಿಗೆ ಕರೆಂಟ್ ಹೋಗುತ್ತಲೇ ಇರುತ್ತೆ, ಜೇನುಹುಳದ ಹಾಗೆ ಗುಂಯ್‌ಗುಡುತ್ತಾ ಬಿಸಿಯಾಗುತ್ತೆ. ಕೋರ್‌ಲೆಸ್ (ಕಾಯಿಲಿನ ನಡುವೆ ಕಬ್ಬಿಣವಿಲ್ಲದ) ಮೋಟಾರ್ ಆದರೆ ಸುಟ್ಟೇ ಹೋಗಬಹುದು. ಕೋರ್‌ಲೆಸ್ ಇದ್ದರೆ ಹಳೆಯ ಫೀಡ್‌ಬ್ಯಾಕ್ ಡಿಸಿ ಕಂಟ್ರೋಲರೂ ಬೇಡ, ಹೈ ಫ್ರೀಕ್ವೆನ್ಸಿ ಟ್ರ್ಯಾಕ್ ಕ್ಲೀನರೂ ಬೇಡ.

ಡಿಕೋಡರ್ ಕೊಳ್ಳುವ ಮುಂಚೆ ಸ್ಟಾಲ್ ಕರೆಂಟ್ ಅಳೆಯಿರಿ. 12 ವೋಲ್ಟ್ ಕೊಟ್ಟು ಚಕ್ರ ಹಿಡಿದು ನಿಲ್ಲಿಸಿ, ಮೀಟರ್ ಓದಿ, ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ಡಿಕೋಡರಿನ ನಿರಂತರ ಆಂಪ್ ಅದಕ್ಕಿಂತ ಹೆಚ್ಚಿರಲಿ. ಮೋಟಾರಿನ ಎರಡು ಟ್ಯಾಗ್ ನಡುವೆ ಪುಟ್ಟ ಕೆಪಾಸಿಟರ್ ಇದ್ದರೆ ಕತ್ತರಿಸಿ, ಬ್ಯಾಕ್ ಇಎಂಎಫ್ ಅಳತೆಗೆ ಅದು ಅಡ್ಡ ಬರುತ್ತೆ.

ಸಿವಿ ಅಂದರೆ ಡಿಕೋಡರಿನ ಒಂದೊಂದು ಸೆಟ್ಟಿಂಗ್. ಮೊದಲು ಸಿವಿ3, ಸಿವಿ4 (ವೇಗ ಎಷ್ಟು ನಿಧಾನಕ್ಕೆ ಏರಬೇಕು, ಇಳಿಯಬೇಕು ಅನ್ನುವುದು) ಎರಡನ್ನೂ 0 ಮಾಡಿ, ಇಲ್ಲವಾದರೆ ನೀವು ನೋಡುತ್ತಿರುವುದು ಎಂಜಿನ್ನೋ ಅಥವಾ ಡಿಕೋಡರಿನ ನಾಟಕವೋ ಗೊತ್ತಾಗಲ್ಲ. ಸಿವಿ2ನ್ನು (ಶುರುವಿನ ವೋಲ್ಟೇಜ್) 0ಯಿಂದ ಒಂದೊಂದೇ ಏರಿಸಿ, ಸ್ಪೀಡ್ ಸ್ಟೆಪ್ 1ರಲ್ಲಿ ಚಕ್ರ ಈಗ ತಿರುಗಿತು ಅನ್ನುವಲ್ಲಿಗೆ ನಿಲ್ಲಿಸಿ. ಟ್ಯಾಂಕ್ ಎಂಜಿನ್ನಿಗೆ ಸಿವಿ5 (ಗರಿಷ್ಠ ವೇಗ) ಅರ್ಧ ಸಾಕು, 120-130. ಸಿವಿ6 (ನಡುವಿನ ವೇಗ) ಅದರ ಅರ್ಧಕ್ಕಿಂತ ಚೂರು ಕಡಿಮೆ. ಹಳಿಯಲ್ಲಿ ಡಿಸಿಸಿ ಮಾತ್ರ ಇರುವುದಾದರೆ ಸಿವಿ29ನ್ನು 6ರಿಂದ 2 ಮಾಡಿ, ಡಿಸಿ ಗುರುತಿಸುವ ಬಿಟ್ ಆರಿಹೋಗುತ್ತೆ. ಸಣ್ಣ ಶಾರ್ಟ್ ಆದಾಗ ಎಂಜಿನ್ ತಾನಾಗೇ ಓಟ ಕೀಳುವ ರೋಗಕ್ಕೆ ಇದೇ ಮದ್ದು. ಎಲ್ಲ ಕಲಸುಮೇಲೋಗರ ಆದರೆ ಬಹಳಷ್ಟು ಡಿಕೋಡರಿನಲ್ಲಿ ಸಿವಿ8ಕ್ಕೆ 8 ಬರೆದರೆ ಮೊದಲಿನ ಸ್ಥಿತಿಗೆ ಬರುತ್ತೆ.

ಪರೀಕ್ಷೆ: 168 ಮಿಮೀ ನೇರ ಹಳಿ ದಾಟಲು 15 ಸೆಕೆಂಡ್ ಹಿಡಿದರೆ ಅದು 3 ಕಿಮೀ ವೇಗ. ನಿಲ್ಲದೆ, ಕುಂಟದೆ ದಾಟಿದರೆ ಶಂಟಿಂಗಿಗೆ ತಯಾರು.

---

ಮೀಟರ್‌ಗೇಜ್

ಎಳೆಯುವ ಶಕ್ತಿಯ ಬಗ್ಗೆ ಯಾರೂ ಹೇಳಲಿಲ್ಲ. ರನ್ನಿಂಗ್-ಇನ್ ಆದ ಮೇಲೆ ತೂಕ ಸೇರಿಸಿ ನೋಡಿ. ಕಾರ್ ಟಯರ್ ಅಂಗಡಿಯಲ್ಲಿ ಬ್ಯಾಲೆನ್ಸಿಂಗಿಗೆ ಅಂಟಿಸುವ 5 ಗ್ರಾಂ ತುಂಡುಗಳು ಸಿಗುತ್ತವೆ. ಸೈಡ್ ಟ್ಯಾಂಕಿನ ಒಳಗೆ ಎರಡೂ ಬದಿ ಸಮವಾಗಿ, ನಡು ಆಕ್ಸಲಿನ ಮೇಲೆ ಭಾರ ಬೀಳುವಂತೆ ಅಂಟಿಸಿ. ಚಾಲನಾ ಚಕ್ರದ ಮೇಲಿನ ತೂಕದ ಸುಮಾರು ಕಾಲು ಭಾಗದಷ್ಟು ಎಳೆತ ಸಿಗುತ್ತೆ. ಅಳೆಯಬೇಕಾದರೆ ಮೇಜಿನ ಅಂಚಿನಿಂದ ದಾರದಲ್ಲಿ ಕಾಗದದ ಲೋಟ ಇಳಿಬಿಟ್ಟು, ಚಕ್ರ ಜಾರುವವರೆಗೂ 10 ರೂಪಾಯಿ ನಾಣ್ಯ ಹಾಕುತ್ತಾ ಹೋಗಿ, ಒಂದೊಂದು ಸುಮಾರು 7.7 ಗ್ರಾಂ. ದಾರ ಜಾರುವ ಅಂಚು ನುಣುಪಾಗಿರಲಿ. ಒಂದು ಎಚ್ಚರಿಕೆ: ಭಾರ ಹೆಚ್ಚಾದಾಗ ಚಕ್ರ ಜಾರಬೇಕೇ ಹೊರತು ಮೋಟಾರ್ ನಿಲ್ಲಬಾರದು. ಚಕ್ರ ಜಾರದೆ ಎಂಜಿನ್ ನಿಂತು ಗುಂಯ್‌ಗುಟ್ಟಿದರೆ ತೂಕ ಅತಿಯಾಯಿತು, ಎರಡು ತುಂಡು ತೆಗೆಯಿರಿ.

---

ಹಳಿಯಂಚು

ಎಲ್ಲರಿಗೂ ಥ್ಯಾಂಕ್ಸ್. ಫಲಿತಾಂಶ ಹಾಕ್ತಿದೀನಿ.

ಹೊಸದು: ರಾಡ್ ತೆಗೆದ್ರೂ ತಡೆ ಇತ್ತು. ಆಕ್ಸಲ್ ಗೇರಿನ ಒಂದು ಹಲ್ಲಿನ ಬುಡದಲ್ಲಿ ಕೂದಲಿನಷ್ಟು ಪ್ಲಾಸ್ಟಿಕ್ ಎಳೆ, ತೆಗೆದ ತಕ್ಷಣ ಕುಂಟು ನಿಂತಿತು. ಪಿಕಪ್‌ನಲ್ಲಿ ನಡು ಆಕ್ಸಲಿನ ಎಡಗಡೆಯದು ಆಕ್ಸಲ್ ಬಲಕ್ಕೆ ಸರಿದಾಗ ಮುಟ್ತಿರ್ಲಿಲ್ಲ. ಒಳಮೈ ಅಳತೆ 14.4, ಹಾಗೇ ಬಿಟ್ಟಿದೀನಿ. ರನ್ನಿಂಗ್-ಇನ್ ಮುಂಚೆ 0.14 ಆಂಪ್, ಆದ ಮೇಲೆ 0.11. ಪಾಯಿಂಟ್ ಮೇಲೆ 20ಕ್ಕೆ 20 ದಾಟಿತು.

ಹಳೇದು: ಗ್ರೀಸ್, ಪ್ಯಾಡ್, ಸಂದಿ ಮೂರೂ ಆಯ್ತು. 0.75 ಇದ್ದದ್ದು 0.58. ಓಮ್ ಮೂರೂ ಒಂದೇ. ಇನ್ನೂ ಬಿಸಿ. ಚಾಸಿ ಗಾಜಿನ ಮೇಲೆ ಬೆರಳಲ್ಲಿ ಹೋಗ್ತಿದೆ. ಇನ್ನು ಮ್ಯಾಗ್ನೆಟ್ಟೇ ಅಲ್ವಾ?

---

ಕರಾವಳಿ ಕೇಬಿನ್

ಹೌದು, ಉಳಿದದ್ದು ಅದೊಂದೇ. ಕಾಯಿಲ್ ಸರಿ, ಓಟ ಹಗುರ, ಆದ್ರೂ 0.58 ಅಂದ್ರೆ ಮ್ಯಾಗ್ನೆಟ್ ಸೋತಿದೆ. ಖಾಲಿ ಓಟದಲ್ಲಿ ಸ್ಪೀಡ್ ಜಾಸ್ತಿ, ಡಬ್ಬಿ ಕಟ್ಟಿದ್ರೆ ದಮ್ಮಿಲ್ಲ, ಹೀಗುಂಟಾ? ಉಂಟಾದ್ರೆ ಖಾತ್ರಿ.

ದಾರಿ ಎರಡು. ಹಳೇದಕ್ಕೇ ಮತ್ತೆ ಶಕ್ತಿ ತುಂಬಿಸುವ ಯಂತ್ರ ಇರುವವರ ಹತ್ತಿರ ಕೊಡುವುದು. ಹಾಗೆ ಮಾಡುವುದಾದ್ರೆ ಮೋಟಾರನ್ನು ಬಿಚ್ಚದೆ ಇಡೀ ಕೊಡಿ, ಮತ್ತೆ ಬಿಚ್ಚಲೂ ಬೇಡಿ. ಇನ್ನೊಂದು, ನಿಯೋಡಿಮಿಯಮ್ ಹಾಕುವುದು. ನಿಯೋಡಿಮಿಯಮ್ ತುಂಡು ಹಳೇ ಮ್ಯಾಗ್ನೆಟ್ಟಿಗಿಂತ ಬಹಳ ಚಿಕ್ಕದು ಸಾಕು, ಉಳಿದ ಜಾಗ ಮೆದು ಉಕ್ಕಿನ ತುಂಡಿನಿಂದ ತುಂಬಿಸ್ಬೇಕು, ಅಲ್ಯೂಮಿನಿಯಂ ಹಿತ್ತಾಳೆ ಹಾಕಿದ್ರೆ ಆಗುದಿಲ್ಲ. ಒಟ್ಟು ಉದ್ದ ಹಳೇದರಷ್ಟೇ ಇರ್ಬೇಕು, ಕಡಿಮೆ ಆದ್ರೆ ಸ್ಕ್ರೂ ಬಿಗಿದಾಗ ಎರಡು ಬದಿಯ ಕಬ್ಬಿಣ ಒಳಗೆ ಬಾಗಿ ಆರ್ಮೇಚರಿಗೆ ಉಜ್ತದೆ. ಬಿಗಿದ ಮೇಲೆ ಕೈಯಲ್ಲಿ ತಿರುಗಿಸಿ ನೋಡಿ, ನಡುವಿನ ಸಂದಿ ಸುತ್ತಲೂ ಸಮ ಇರ್ಬೇಕು. ಕೆಲಸದ ಮೇಜಿನಲ್ಲಿ ಅರ ಹಾಕಿದ ಕಬ್ಬಿಣದ ಪುಡಿ ಇರ್ಬಾರದು, ಒಮ್ಮೆ ಅಂಟಿದ್ರೆ ಸೆಲ್ಲೋಟೇಪಿನಲ್ಲಿ ಒತ್ತಿ ಒತ್ತಿ ತೆಗೆಯುವುದೇ ಗತಿ.

ಅತಿ ಬಲದ್ದು ಹಾಕಿದ್ರೂ ತೊಂದರೆ. ಮೂರು ಪೋಲಿನ ಮೋಟಾರ್ ಒಂದೊಂದು ಪೋಲಿನಲ್ಲಿ ಕಚ್ಚಿ ಕಚ್ಚಿ ನಿಲ್ತದೆ, ನಿಧಾನದ ಓಟ ಹಾಳು. ಕೈಯಲ್ಲಿ ತಿರುಗಿಸುವಾಗ ಟಕ್ ಟಕ್ ಅಂತ ಜೋರಾಗಿ ಹಿಡಿದ್ರೆ ಇನ್ನೂ ತೆಳುವಾದ ತುಂಡು ಹಾಕಿ. ಬಲ ಸರಿ ಬಂದ್ರೆ ಟಾಪ್ ಸ್ಪೀಡ್ ಇಳೀತದೆ, ಆಂಪ್ ಇಳೀತದೆ, ಎಳೆತ ಏರ್ತದೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಮ್ 80 ಡಿಗ್ರಿ ದಾಟಿದ್ರೆ ಶಕ್ತಿ ಬಿಡ್ತದೆ, ಹಾಗಾಗಿ ಹಾಕಿದ ಮೇಲೆ ಕಾಲು ಗಂಟೆ ಓಡಿಸಿ ಬಿಸಿ ನೋಡ್ಕೊಳ್ಳಿ.

ಜೋಡಿಸಿದ ಮೇಲೆ ಎಂಜಿನ್ ಉಲ್ಟಾ ದಿಕ್ಕಿಗೆ ಹೋದ್ರೆ ವೈರ್ ಬದಲಿಸ್ಲಿಕ್ಕೆ ಹೋಗ್ಬೇಡಿ, ಚಾಸಿಯೇ ಒಂದು ವೈರ್ ಆದ್ದರಿಂದ ಅದು ತಲೆನೋವು. ಮ್ಯಾಗ್ನೆಟ್ಟನ್ನು ಮಗುಚಿ ಹಾಕಿ, ಸರಿಯಾಗ್ತದೆ.